ಕಡಲಲ್ಲಿ ಹೆಸರು ಬರೆದ ದೇಶಗಳು

ಮೂವತ್ತೆರಡು ವರ್ಷ ಹೊನ್ನಾವರದ ಕಡೆಯ ಹೈಸ್ಕೂಲುಗಳಲ್ಲಿ ಭೂಗೋಳ ಕಲಿಸಿದೆ. ಗೋಡೆಗೆ ತೂಗುಹಾಕುತ್ತಿದ್ದ ಏಷ್ಯಾದ ನಕ್ಷೆಯಲ್ಲಿ ಅರಬ್ ಪರ್ಯಾಯ ದ್ವೀಪದ ಬಲ ಅಂಚಿಗೆ ಬಂದಾಗ ಪ್ರತಿ ವರ್ಷವೂ ಒಂದು ಪ್ರಶ್ನೆ ಏಳುತ್ತಿತ್ತು. ಬಹ್ರೇನ್, ಕತಾರ್ ಎಂಬ ಹೆಸರು ನೆಲದ ಮೇಲೆ ಹಿಡಿಸದೆ, ನೀಲಿ ಕಡಲಿನಲ್ಲಿ ಅಚ್ಚು ಹಾಕಿರುತ್ತಿದ್ದರು. "ಅಕ್ಕೋರೆ, ಇದು ದೇಶದ ಹೆಸರಾ, ಸಮುದ್ರದ ಹೆಸರಾ?" ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಕೇಳೇ ಕೇಳುತ್ತಿದ್ದರು. ಅದೇ ತರಗತಿಯಲ್ಲಿ ನಾಲ್ಕೈದು ಮಕ್ಕಳ ಅಪ್ಪಂದಿರು ಆ ದೇಶಗಳಲ್ಲೇ ದುಡಿಯುತ್ತಿದ್ದರು. ಎಲ್ಲಿದ್ದಾರೆ ಎಂದರೆ ಎಲ್ಲರದ್ದೂ ಒಂದೇ ಉತ್ತರ: "ದುಬೈನಲ್ಲಿ." ಕುವೈತ್‌ನಲ್ಲಿದ್ದರೂ ದುಬೈ, ದೋಹಾದಲ್ಲಿದ್ದರೂ ದುಬೈ.

ಮಗಳು ಅಳಿಯ ಶಾರ್ಜಾದಲ್ಲಿದ್ದಾರೆ. ನಿವೃತ್ತಿಯಾದ ಮೇಲೆ 2023ರ ಡಿಸೆಂಬರಿನಲ್ಲಿ ಅವರ ಬಳಿಗೆ ಹೊರಟಾಗ, ಸೀದಾ ಶಾರ್ಜಾಕ್ಕೆ ಹೋಗದೆ ದಾರಿಯಲ್ಲಿ ಬಹ್ರೇನ್, ಕತಾರ್ ನೋಡಿಕೊಂಡು ಬರುತ್ತೇನೆ ಎಂದೆ. ಇಷ್ಟು ಚಿಕ್ಕ ನೆಲದಲ್ಲಿ ಇಷ್ಟೊಂದು ರಾಜ್ಯಗಳು ಹೇಗೆ ಹುಟ್ಟಿದವು, ಗಡಿ ಎಲ್ಲಿಂದ ಬಂತು ಎಂಬುದನ್ನು ಪಾಠದಲ್ಲಿ ಹೇಳಿದ್ದೆ. ಕಣ್ಣಾರೆ ನೋಡಿರಲಿಲ್ಲ.

ಮೊದಲ ದಿನ: ಮುಹರ್ರಕ್

ಬಹ್ರೇನಿನ ವಿಮಾನ ನಿಲ್ದಾಣ ಇರುವುದೇ ಮುಹರ್ರಕ್ ದ್ವೀಪದಲ್ಲಿ. ಕರೆದೊಯ್ಯಲು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಮಂಕಿಯ ಹುಡುಗ, ನಕ್ಷೆ ತುಂಬುವ ಪ್ರಶ್ನೆಗೆ ಯಾವತ್ತೂ ಪೂರ್ತಿ ಅಂಕ ತೆಗೆಯುತ್ತಿದ್ದವ. ಈಗ ಹತ್ತೊಂಬತ್ತು ವರ್ಷದಿಂದ ಇಲ್ಲಿ 'ಕೋಲ್ಡ್ ಸ್ಟೋರ್' ನಡೆಸುತ್ತಿದ್ದಾನೆ. ಐಸ್‌ಕ್ರೀಮ್ ಅಂಗಡಿ ಇರಬೇಕು ಅಂದುಕೊಂಡಿದ್ದೆ. ಬಹ್ರೇನಿನಲ್ಲಿ ಓಣಿ ಓಣಿಯ ದಿನಸಿ ಅಂಗಡಿಗೆ ಹೇಳುವ ಹೆಸರು ಅದು.

"ಅಕ್ಕೋರೆ, ಮೊದ್ಲು ಮಲಗ್ತೀರಾ, ಮುತ್ತಿನ ದಾರಿ ನೋಡ್ತೀರಾ?" ಎಂದ. ಮಲಗುವ ಮಾತೇ ಇಲ್ಲ.

ಮುತ್ತಿನ ದಾರಿ ಎಂದರೆ ಮುಹರ್ರಕ್‌ನ ಹಳೆ ಓಣಿಗಳಲ್ಲಿ ಮೂರೂವರೆ ಕಿಲೋಮೀಟರ್ ಸಾಗುವ ಒಂದು ಕಾಲುಹಾದಿ. ಕಡಲಂಚಿನ ಬೂ ಮಾಹಿರ್ ಕೋಟೆಯಿಂದ ಶುರುವಾಗಿ ಮುತ್ತಿನ ವ್ಯಾಪಾರಿ ಸಿಯಾದಿ ಮನೆತನದ ಮಜ್ಲಿಸ್, ಅಂದರೆ ಬಂದವರನ್ನು ಕೂರಿಸುವ ಚಾವಡಿಯವರೆಗೆ ಹೋಗುತ್ತದೆ. ಹದಿನೇಳು ಕಟ್ಟಡಗಳು, ಜೊತೆಗೆ ಕಡಲ ಒಳಗಿನ ಮೂರು ಸಿಂಪಿಯ ಹಾಸುಗಳು ಸೇರಿ 2012ರಲ್ಲಿ ಯುನೆಸ್ಕೋ ಪಟ್ಟಿಗೆ ಬಂದಿವೆ. ದಾರಿ ತಪ್ಪದಿರಲೆಂದು ತಿರುವುಗಳಲ್ಲಿ ದೀಪದ ಕಂಬ ನೆಟ್ಟಿದ್ದಾರೆ. ಕಂಬದ ತುದಿಯ ದೀಪ ಮುತ್ತಿನ ಹಾಗೆ ಬಿಳಿಯ ಗುಂಡು. ಮನೆಗಳ ಗೋಡೆ ಹವಳದ ಕಲ್ಲಿನದು. ಗಾರೆ ಉದುರಿದ ಕಡೆ ಕೈಯಿಟ್ಟರೆ ತೂತು ತೂತಾಗಿ, ಒಣಗಿದ ಹೀರೇಕಾಯಿಯ ನಾರಿನಂತೆ ತೋರುತ್ತದೆ.

ಒಂದು ಮನೆಯಲ್ಲಿ ಮುಳುಗುಗಾರರ ಸಾಮಾನುಗಳಿದ್ದವು. ಅಲ್ಲಿದ್ದ ಹಿರಿಯರು ಮೂಗಿನ ಚಿಮುಟವೊಂದನ್ನು ನನ್ನ ಅಂಗೈಗೆ ಹಾಕಿದರು. ಅದಕ್ಕೆ ಫಿತಾಮ್ ಎನ್ನುತ್ತಾರಂತೆ. ಬಟ್ಟೆ ಒಣಗಿಸುವ ಕ್ಲಿಪ್ಪಿಗಿಂತ ಚಿಕ್ಕದು, ಆಮೆಯ ಚಿಪ್ಪಿನಲ್ಲಿ ಕೆತ್ತಿದ್ದು, ಕೊರಳಿಗೆ ಹಾಕಿಕೊಳ್ಳಲು ಒಂದು ದಾರ. ಮೂಗು ಕಚ್ಚುವ ಜಾಗ ನುಣುಪಾಗಿ ಸವೆದಿತ್ತು. ಇದೊಂದನ್ನು ಸಿಕ್ಕಿಸಿ, ಕಾಲಿಗೆ ಕಲ್ಲು ಕಟ್ಟಿದ ಹಗ್ಗ ಹಿಡಿದು ಗವ್ವಾಸ್ ಕೆಳಗಿಳಿಯುತ್ತಿದ್ದ. ಮೇಲಿಂದ ಹಗ್ಗ ಎಳೆಯುವವನು ಸೈಬ್. ಹಡಗಿನ ಯಜಮಾನ ನಾಖುದಾ. ಬೇಸಗೆಯ ನಾಲ್ಕು ತಿಂಗಳು ದಡ ಕಾಣದೆ ದುಡಿದರೂ ಮುಂಗಡದ ಸಾಲ ತೀರುತ್ತಿರಲಿಲ್ಲ. ಅಪ್ಪನ ಸಾಲ ಮಗನ ಹೆಗಲಿಗೆ ಬೀಳುತ್ತಿತ್ತು. ಇಲ್ಲಿನ ಮುತ್ತು ಹೋಗುತ್ತಿದ್ದುದು ನಮ್ಮ ಮುಂಬಯಿಗೆ. ಜಪಾನಿನ ಸಾಕಿದ ಮುತ್ತು ಮಾರುಕಟ್ಟೆಗೆ ಬಂದ ಮೇಲೆ 1930ರ ಹೊತ್ತಿಗೆ ಆ ವ್ಯಾಪಾರವೇ ನೆಲಕಚ್ಚಿತು. 1932ರಲ್ಲಿ ಇಲ್ಲೇ ಎಣ್ಣೆ ಸಿಕ್ಕಿತು. ಕೊಲ್ಲಿಯ ಅರಬ್ ದಡದಲ್ಲಿ ಸಿಕ್ಕ ಮೊದಲ ಎಣ್ಣೆ ಅದು.

ಹಿರಿಯರು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ಮುಳುಗುಗಾರರು ಸಿಂಪಿಗಷ್ಟೇ ಅಲ್ಲ, ಕುಡಿಯುವ ನೀರಿಗೂ ಮುಳುಗುತ್ತಿದ್ದರು. ಸಮುದ್ರದ ತಳದಲ್ಲಿ ಸಿಹಿನೀರಿನ ಒರತೆಗಳಿದ್ದವು. ಆಡಿನ ಚರ್ಮದ ಚೀಲ ಹಿಡಿದು ಕೆಳಗಿಳಿದು, ಉಪ್ಪುನೀರಿನ ನಡುವೆಯೇ ಉಕ್ಕುವ ಸಿಹಿನೀರು ತುಂಬಿಕೊಂಡು ಮೇಲೆ ಬರುತ್ತಿದ್ದರು. ಬಹ್ರೇನ್ ಎಂದರೆ ಅರಬ್ಬಿಯಲ್ಲಿ 'ಎರಡು ಕಡಲು'. ಒಂದು ಉಪ್ಪು, ಒಂದು ಸಿಹಿ ಎಂದು ಅದನ್ನು ಬಿಡಿಸಿ ಹೇಳುವವರಿದ್ದಾರೆ. ಪಾಠ ಮಾಡುವಾಗ ನನಗೆ ಇದು ಗೊತ್ತಿದ್ದರೆ ಹಿಂದಿನ ಬೆಂಚಿನ ಹುಡುಗನಿಗೆ ಎಷ್ಟು ಚೆನ್ನಾಗಿ ಉತ್ತರ ಕೊಡಬಹುದಿತ್ತು!

ಎರಡನೇ ದಿನ: ಕೋಟೆಯ ದಿಬ್ಬ, ಬನ್ನಿ ಮರ

ಬೆಳಿಗ್ಗೆ ಮನಾಮಾದ ಬಾಬ್ ಅಲ್ ಬಹ್ರೇನ್ ಹೆಬ್ಬಾಗಿಲಿಗೆ ಹೋದೆವು. 1949ರಲ್ಲಿ ಕಟ್ಟಿದಾಗ ಇದರ ಮುಂದೆಯೇ ಕಡಲಿತ್ತು. ಈಗ ಬಾಗಿಲಲ್ಲಿ ನಿಂತರೆ ಕಡಲು ಕಾಣುವುದೇ ಇಲ್ಲ, ಅಷ್ಟು ದೂರ ಮಣ್ಣು ತುಂಬಿ ಗೋಪುರ ಎಬ್ಬಿಸಿದ್ದಾರೆ. ಇಡೀ ದೇಶ ಸುಮಾರು 780 ಚದರ ಕಿಲೋಮೀಟರ್. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಂಥ ಹದಿಮೂರು ಬಹ್ರೇನ್ ಹಿಡಿಸುತ್ತವೆ. ಅದರಲ್ಲೂ ಒಂದಷ್ಟು ನೆಲ ನಾನು ಕೆಲಸಕ್ಕೆ ಸೇರುವಾಗ ಇರಲೇ ಇಲ್ಲ. ಕಡಲನ್ನು ತುಂಬಿ ಆಮೇಲೆ ಮಾಡಿಕೊಂಡದ್ದು.

ಅಲ್ಲಿಂದ ಕಲಾತ್ ಅಲ್ ಬಹ್ರೇನ್. ಮೇಲೆ ಪೋರ್ಚುಗೀಸರ ಕಾಲದ ಕೋಟೆ. ಕೆಳಗೆ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ದಿಲ್ಮುನ್ ಪಟ್ಟಣ. ಒಂದರ ಮೇಲೊಂದು ಊರು ಕೂತು ಕೂತು ದಿಬ್ಬವೇ ಆಗಿದೆ. ಮೆಸೊಪೊಟೇಮಿಯದವರ ಬರಹಗಳಲ್ಲಿ ದಿಲ್ಮುನ್ ಎಂದರೆ ಸಿಹಿನೀರಿನ ನಾಡು. ಇಲ್ಲಿ ಸಿಕ್ಕ ತೂಕದ ಕಲ್ಲುಗಳು ಸಿಂಧೂ ಕಣಿವೆಯ ಅಳತೆಯವು. ಗುಜರಾತಿನ ಲೋಥಲ್‌ನಲ್ಲಿ ಈ ಕೊಲ್ಲಿಯ ಮುದ್ರೆ ಸಿಕ್ಕಿದೆ. ನಮ್ಮವರು ಇಲ್ಲಿಗೆ ಬರಲು ಶುರುಮಾಡಿದ್ದು ಪಾಸ್‌ಪೋರ್ಟ್ ಬಂದ ಮೇಲಲ್ಲ.

ಮಧ್ಯಾಹ್ನದ ಮೇಲೆ ದಕ್ಷಿಣಕ್ಕೆ ನಲವತ್ತು ಕಿಲೋಮೀಟರ್. ಎಣ್ಣೆಯ ಕೊಳವೆಗಳು, ಬೋಳು ಮರಳು. ಜಬಲ್ ದುಖಾನ್ ಎಂಬ ಗುಡ್ಡವೇ ಈ ದೇಶದ ಅತಿ ಎತ್ತರದ ಜಾಗ, 134 ಮೀಟರ್ ಅಷ್ಟೇ. ಅದರ ಹತ್ತಿರ ಬಯಲ ನಡುವೆ ಒಂದೇ ಒಂದು ಮರ. ಶಜರತ್ ಅಲ್ ಹಯಾತ್, ಜೀವದ ಮರ. ನಾನೂರು ವರ್ಷದ್ದು ಎನ್ನುತ್ತಾರೆ. ಸುತ್ತ ಕಣ್ಣು ಹಾಯುವಷ್ಟು ದೂರ ನೀರಿನ ಸುಳಿವಿಲ್ಲ. ಬೇರು ಎಷ್ಟು ಆಳಕ್ಕೆ ಹೋಗಿದೆಯೋ.

ಕೆಳಗೆ ಬಿದ್ದ ಒಂದು ಕಡ್ಡಿ ಎತ್ತಿಕೊಂಡೆ. ಚಿಕ್ಕ ಚಿಕ್ಕ ಎಲೆ ಎರಡು ಸಾಲಿನಲ್ಲಿ, ನಡುವೆ ಮೊಂಡು ಮುಳ್ಳು. ಎಲ್ಲೋ ನೋಡಿದ್ದೇನಲ್ಲ ಎಂದು ಯೋಚಿಸುತ್ತ ನಿಂತವಳಿಗೆ ತಟ್ಟನೆ ಹೊಳೆಯಿತು: ಬನ್ನಿ! ಧಾರವಾಡದಲ್ಲಿ ಬಿ.ಎಡ್. ಓದುವಾಗ ದಸರೆಯ ಸಂಜೆ ಮನೆ ಮನೆಗೆ ಹೋಗಿ "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎಂದು ಕೊಟ್ಟು ತೆಗೆದುಕೊಳ್ಳುತ್ತಿದ್ದ ಎಲೆ. ಸಸ್ಯಶಾಸ್ತ್ರದ ಹೆಸರೂ ಒಂದೇ, ಪ್ರೊಸೋಪಿಸ್ ಸಿನರೇರಿಯಾ. ಅರಬ್ಬಿಯಲ್ಲಿ ಘಾಫ್. ಸಂಯುಕ್ತ ಅರಬ್ ಎಮಿರೇಟ್ಸ್‌ನವರಿಗೆ ಇದೇ ರಾಷ್ಟ್ರೀಯ ಮರ. ಆ ಮರಳುಗಾಡಿನಲ್ಲಿ ನನ್ನ ವಿದ್ಯಾರ್ಥಿಯ ಕೈಗೆ ಎರಡೆಲೆ ಕೊಟ್ಟೆ. ಕಣ್ಣಿಗೊತ್ತಿಕೊಂಡು ಪರ್ಸಿನೊಳಗೆ ಇಟ್ಟುಕೊಂಡ.

ಮೂರನೇ ದಿನ: ದೋಹಾ

ಬಹ್ರೇನಿನಿಂದ ದೋಹಾಕ್ಕೆ ಒಂದು ಗಂಟೆಯೂ ಇಲ್ಲದ ಹಾರಾಟ. ಆದರೆ ಈ ವಿಮಾನವೇ 2017ರಿಂದ ನಿಂತುಹೋಗಿ 2023ರ ಮೇ ತಿಂಗಳಲ್ಲಿ ಮತ್ತೆ ಶುರುವಾಗಿತ್ತು. 2017ರಲ್ಲಿ ಸೌದಿ, ಎಮಿರೇಟ್ಸ್, ಬಹ್ರೇನ್, ಈಜಿಪ್ಟ್ ಕತಾರಿನ ಜೊತೆ ಸಂಬಂಧ ಕಡಿದುಕೊಂಡಾಗ, ಕತಾರಿಗಿದ್ದ ಒಂದೇ ಒಂದು ಭೂಗಡಿಯೂ ಮುಚ್ಚಿತು. ಹಾಲಿಗಾಗಿ ಹಸುಗಳನ್ನೇ ವಿಮಾನದಲ್ಲಿ ತರಿಸಿಕೊಂಡರು. ಮೂರು ಕಡೆ ಕಡಲು, ಒಂದು ಕಡೆ ನೆರೆಯವ. ಪರ್ಯಾಯ ದ್ವೀಪ ಎಂಬ ಶಬ್ದವನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ, ಅದರಲ್ಲಿ ಇಷ್ಟೊಂದು ಆತಂಕ ಅಡಗಿರುತ್ತದೆ ಎಂದು ಹೇಳಿಕೊಟ್ಟಿರಲಿಲ್ಲ.

ಕತಾರ್ ನಮ್ಮ ಜಿಲ್ಲೆಗಿಂತ ಸ್ವಲ್ಪ ದೊಡ್ಡದು. ಶ್ರೀಮಂತಿಕೆಯ ಮೂಲ ಕಡಲಿನ ಕೆಳಗಿದೆ. ಜಗತ್ತಿನ ಅತಿ ದೊಡ್ಡ ನೈಸರ್ಗಿಕ ಅನಿಲದ ನಿಕ್ಷೇಪವನ್ನು ಇವರೂ ಇರಾನಿನವರೂ ಹಂಚಿಕೊಂಡಿದ್ದಾರೆ. ಮರುಭೂಮಿಯ ಗುಲಾಬಿ ಎಂಬ ಹರಳಿನ ಆಕಾರದಲ್ಲಿ ಜಾನ್ ನುವೆಲ್ ಕಟ್ಟಿದ ರಾಷ್ಟ್ರೀಯ ವಸ್ತುಸಂಗ್ರಹಾಲಯ ನೋಡಿದೆ, ಸೂಕ್ ವಾಕಿಫ್‌ನಲ್ಲಿ ಕರಕ್ ಚಹಾ ಕುಡಿದೆ. ಊರು ಚಂದವಿದೆ, ಚೊಕ್ಕಟವಿದೆ. ನನ್ನ ಮನಸ್ಸು ಮಾತ್ರ ಮರುದಿನದ ಜುಬಾರಾ ಮೇಲೆಯೇ ಇತ್ತು.

ನಾಲ್ಕನೇ ದಿನ: ಜುಬಾರಾ

ದೋಹಾದಿಂದ ವಾಯವ್ಯಕ್ಕೆ ನೂರು ಕಿಲೋಮೀಟರ್ ದಾಟಿದರೆ ಜುಬಾರಾ. ಹದಿನೆಂಟನೇ ಶತಮಾನದಲ್ಲಿ ಕುವೈತಿನ ಕಡೆಯಿಂದ ಬಂದ ಉತೂಬ್ ಜನ ಇದನ್ನು ಮುತ್ತಿನ ಪೇಟೆಯಾಗಿ ಬೆಳೆಸಿದರು. ಅವರಲ್ಲಿ ಅಲ್ ಖಲೀಫಾ ಮನೆತನ ಇಲ್ಲಿಂದಲೇ ಹೋಗಿ 1783ರಲ್ಲಿ ಬಹ್ರೇನ್ ಹಿಡಿಯಿತು. ಇಂದಿಗೂ ಅಲ್ಲಿ ಆಳುತ್ತಿರುವುದು ಅದೇ ಮನೆತನ. 1811ರಲ್ಲಿ ಪೇಟೆ ಸುಟ್ಟುಹೋಯಿತು. ಆಮೇಲೆ ಮರಳು ಬಂದು ಮುಚ್ಚಿತು. ಈಗ ಅಲ್ಲಿರುವುದು 1938ರ ಒಂದು ಕೋಟೆ, ಅದರಾಚೆ ಅಗೆದು ತೆಗೆದ ಮೊಣಕಾಲೆತ್ತರದ ಗೋಡೆಗಳು, ಗಾಳಿ.

ನಾನು ಹುಡುಕಿದ್ದು ಬಾವಿಯನ್ನು. ಇಷ್ಟು ದೊಡ್ಡ ಪೇಟೆಗೆ ಒಳ್ಳೆಯ ನೀರು ಇರಲಿಲ್ಲ. ಎರಡು ಕಿಲೋಮೀಟರ್ ಒಳಗೆ ಮುರೈರ್ ಎಂಬಲ್ಲಿದ್ದ ಬಾವಿಗಳಿಂದ ತರಬೇಕಿತ್ತು. ಆ ಬಾವಿಗಳ ಕಾವಲಿಗೊಂದು ಕೋಟೆ, ನೀರು ತರುವ ದಾರಿಯ ಎರಡೂ ಬದಿಗೆ ಉದ್ದಕ್ಕೂ ಗೋಡೆ. ನೆಲದ ಮೇಲೆ ಆ ಗೋಡೆಗಳ ಗುರುತು ಇನ್ನೂ ಇದೆ. ಒಂದರ ಪಕ್ಕದಲ್ಲೇ ಸ್ವಲ್ಪ ದೂರ ನಡೆದೆ. ಬಿಸಿಲು ಹಿತವಾಗಿತ್ತು, ಡಿಸೆಂಬರ್ ತಾನೇ. ಜೂನಿನಲ್ಲಿ ಕೊಡ ಹೊತ್ತು ಈ ದಾರಿ ತುಳಿದವರ ಪಾಡು ನೆನೆದು ಕಾಲು ತನ್ನಷ್ಟಕ್ಕೆ ನಿಧಾನವಾಯಿತು.

ಈ ಪಾಳು ಪೇಟೆಗಾಗಿ, ಪಕ್ಕದ ಹವಾರ್ ದ್ವೀಪಗಳಿಗಾಗಿ ಬಹ್ರೇನ್ ಮತ್ತು ಕತಾರ್ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದವು. 2001ರಲ್ಲಿ ತೀರ್ಪು ಬಂತು: ಹವಾರ್ ಬಹ್ರೇನಿಗೆ, ಜುಬಾರಾ ಕತಾರಿಗೆ. ರಾತ್ರಿಯ ವಿಮಾನಕ್ಕೆ ಶಾರ್ಜಾ ಸೇರಿದೆ. ಬಾಗಿಲಲ್ಲೇ ಮೊಮ್ಮಗ ನನ್ನ ಚೀಲ ಕಸಿದುಕೊಂಡ.

ಐದನೇ ದಿನ: ಒಂದೊಂದು ಖೋರ್, ಒಂದೊಂದು ರಾಜ್ಯ

ಈ ದಿನದ ಮಾತು ಹೇಳುವ ಮೊದಲು ಒಂದು ಶಬ್ದ ಹೇಳಬೇಕು. ಖೋರ್ ಎಂದರೆ ಕಡಲು ನೆಲದೊಳಗೆ ಚಾಚಿದ ನಾಲಿಗೆ. ನಮ್ಮ ಕಡೆ ನದಿ ಕಡಲು ಸೇರುವ ಜಾಗಕ್ಕೆ ಅಳಿವೆ ಎನ್ನುತ್ತೇವೆ. ಇದು ನದಿಯೇ ಇಲ್ಲದ ಅಳಿವೆ. ಗಾಳಿ ಎದ್ದಾಗ ದೋಣಿ ಒಳಗೆ ತಂದು ನಿಲ್ಲಿಸಲು ಜಾಗ ಸಿಕ್ಕಿತು, ಹತ್ತಿರದಲ್ಲಿ ತೋಡಿದರೆ ಕುಡಿಯುವ ನೀರು ಸಿಕ್ಕಿತು ಎಂದರೆ ಅಲ್ಲೊಂದು ಊರು, ಊರಿಗೊಬ್ಬ ಷೇಖ್. ದುಬೈಯಿಂದ ಉತ್ತರಕ್ಕೆ ಅಳಿಯನ ಕಾರಿನಲ್ಲಿ ಹೊರಟರೆ ಶಾರ್ಜಾ, ಅಜ್ಮಾನ್, ಉಮ್ ಅಲ್ ಕುವೈನ್, ರಾಸ್ ಅಲ್ ಖೈಮಾ ಎಲ್ಲವೂ ಹೀಗೆಯೇ ಒಂದೊಂದು ಖೋರ್ ಹಿಡಿದು ಕೂತಿವೆ. ಬ್ರಿಟಿಷರು 1971ರಲ್ಲಿ ಹೊರಟಾಗ ಬಹ್ರೇನ್, ಕತಾರ್ ತಮ್ಮ ಪಾಡಿಗೆ ಬೇರೆಯಾದವು. ಉಳಿದವುಗಳಲ್ಲಿ ಆರು ಡಿಸೆಂಬರ್ 2ರಂದು ಎಮಿರೇಟ್ಸ್ ಎಂಬ ಒಂದೇ ದೇಶವಾದವು. ರಾಸ್ ಅಲ್ ಖೈಮಾ ಮರುವರ್ಷ ಫೆಬ್ರವರಿಯಲ್ಲಿ ಸೇರಿತು. ಏಳರಲ್ಲಿ ಅಬುಧಾಬಿ ಒಂದೇ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ನೆಲ. ಅಜ್ಮಾನ್ 260 ಚದರ ಕಿಲೋಮೀಟರ್ ಆಸುಪಾಸು.

ದುಬೈಯ ಖೋರ್‌ನಲ್ಲಿ ಅಬ್ರಾ ಹತ್ತಿದೆವು. ಮರದ ದೋಣಿ, ಬದಿಯಲ್ಲಿ ಕಟ್ಟೆ ಇಲ್ಲ, ಒಂದು ದಿರ್ಹಮ್ ಕೊಟ್ಟರೆ ಆಚೆ ದಡ. ಇಲ್ಲಿ ಅಳಿಯ ಹೇಳಿದ ಸಂಗತಿ ನನಗೆ ತುಂಬ ಮುಖ್ಯ ಎನಿಸಿತು. ಒಂದು ಕಾಲಕ್ಕೆ ಶಾರ್ಜಾವೇ ದೊಡ್ಡ ಬಂದರು. ಎರಡೂ ಊರಿನ ಖೋರ್‌ಗಳಲ್ಲಿ ಹೂಳು ತುಂಬುತ್ತ ಬಂತು. ದುಬೈಯ ಷೇಖ್ ರಶೀದ್ ಸಾಲ ತಂದು 1960ರ ಸುಮಾರಿಗೆ ಹೂಳೆತ್ತಿಸಿದರು. ಆಗಿನ್ನೂ ದುಬೈಗೆ ಎಣ್ಣೆ ಸಿಕ್ಕಿರಲಿಲ್ಲ, ಸಿಕ್ಕಿದ್ದು 1966ರಲ್ಲಿ. ಶಾರ್ಜಾದಲ್ಲಿ ಹೂಳು ಉಳಿಯಿತು, ಹಡಗುಗಳು ದುಬೈಗೆ ತಿರುಗಿದವು. ಶರಾವತಿಯ ಅಳಿವೆ ಬಾಯಲ್ಲಿ ಮರಳು ಕಟ್ಟಿ ಮೀನುಗಾರರ ದೋಣಿ ಮಗುಚಿದ ಸುದ್ದಿ ಕೇಳುತ್ತಲೇ ದೊಡ್ಡವಳಾದವಳು ನಾನು. ಹೂಳು ಎಂಬುದು ಒಂದು ಊರಿನ ಹಣೆಬರಹ ಬದಲಿಸುತ್ತದೆ ಎಂದು ನನಗೆ ಯಾರೂ ವಿವರಿಸಬೇಕಿಲ್ಲ. 828 ಮೀಟರಿನ ಬುರ್ಜ್ ಖಲೀಫಾವನ್ನೂ ನೋಡಿದೆ. ನನಗೆ ದುಬೈ ಎಂದರೆ ಆ ಹೂಳೆತ್ತಿದ ನೀರೇ.

ಸಂಜೆ ಉಮ್ ಅಲ್ ಕುವೈನ್‌ನ ಹಿನ್ನೀರಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ರಾಜಹಂಸಗಳು ತಲೆ ಕೆಳಗೆ ಮಾಡಿ ಮೇಯುತ್ತಿದ್ದವು. ಎಮಿರೇಟ್ಸ್‌ನಲ್ಲಿ ಎತ್ತರದ ಕಟ್ಟಡ ಇಲ್ಲದ ಇಂಥ ದಡಗಳೂ ಇವೆ.

ಆರನೇ ದಿನ: ಮದ್‌ಹಾ, ಅದರೊಳಗೆ ನಹ್ವಾ

ಮೊಮ್ಮಗ ಏಳನೇ ತರಗತಿ. ಶಾಲೆಯಲ್ಲಿ ಏಳು ಎಮಿರೇಟುಗಳ ನಕ್ಷೆಗೆ ಬಣ್ಣ ಹಾಕಿ ತರಲು ಹೇಳಿದ್ದರು. "ಅಮ್ಮಮ್ಮ, ಶಾರ್ಜಾಕ್ಕೆ ಹಳದಿ ಹಾಕ್ದೆ. ಮತ್ತೆ ಆಚೆ ಬದೀಲೂ ಶಾರ್ಜಾ ಇದೆ, ನಡುವೆ ಯಾರ್‍ಯಾರೋ ಇದ್ದಾರೆ!" ಎಂದು ಪೆನ್ಸಿಲ್ ಕೆಳಗಿಟ್ಟ. ಅದನ್ನೇ ನೋಡಿ ಬರೋಣ ಎಂದು ಅವನನ್ನೂ ಕರೆದುಕೊಂಡು ಪೂರ್ವಕ್ಕೆ ಹೊರಟೆವು.

ಹಜರ್ ಬೆಟ್ಟಸಾಲನ್ನು ಸುರಂಗಗಳಲ್ಲಿ ದಾಟಿದರೆ ಖೋರ್ ಫಕ್ಕಾನ್. ಇದು ಕೊಲ್ಲಿಯಲ್ಲ, ಒಮಾನ್ ಸಮುದ್ರದ ದಡ. ಈ ಊರು ಶಾರ್ಜಾದ್ದು. ದಕ್ಷಿಣಕ್ಕೆ ಹೋದರೆ ಫುಜೈರಾ, ಮತ್ತೆ ಕಲ್ಬಾದಲ್ಲಿ ಶಾರ್ಜಾ. ಉತ್ತರದ ದಿಬ್ಬಾ ಎಂಬ ಒಂದೇ ಊರು ಫುಜೈರಾ, ಶಾರ್ಜಾ, ಒಮಾನ್ ಮೂವರ ನಡುವೆ ಹಂಚಿಹೋಗಿದೆ. ಗಡಿ ಗೆರೆ ಎಳೆದದ್ದು ಹೇಗೆ ಗೊತ್ತೇ? 1950ರ ದಶಕದಲ್ಲಿ ಜೂಲಿಯನ್ ವಾಕರ್ ಎಂಬ ಬ್ರಿಟಿಷ್ ಅಧಿಕಾರಿ ಕಣಿವೆ ಕಣಿವೆ ತಿರುಗಿ, ಈ ಬಾವಿ ಯಾರದು, ಈ ಖರ್ಜೂರದ ತೋಟ ಯಾರದು, ನೀವು ಜಕಾತ್ ಕೊಡುವುದು ಯಾವ ಷೇಖ್‌ಗೆ ಎಂದು ಜನರನ್ನೇ ಕೇಳಿ ಬರೆದುಕೊಂಡ. ಗೆರೆ ನೆಲದ ಮೇಲೆ ಅಲ್ಲ, ಜನರ ನಿಷ್ಠೆಯ ಮೇಲೆ ಬಿತ್ತು. ಅದಕ್ಕೇ ನಕ್ಷೆ ಕೌದಿಯ ಹಾಗಾಗಿದೆ.

ಖೋರ್ ಫಕ್ಕಾನ್‌ನಿಂದ ಸ್ವಲ್ಪ ದಕ್ಷಿಣಕ್ಕೆ ಬಂದು ಬಲಕ್ಕೆ ತಿರುಗಿದರೆ ಮದ್‌ಹಾ. ತಡೆಗಂಬವಿಲ್ಲ, ಪೊಲೀಸರಿಲ್ಲ. ಬಾವುಟ ಬದಲಾಯಿತು, ಮಗಳ ಮೊಬೈಲು "ಒಮಾನ್‌ಗೆ ಸ್ವಾಗತ" ಎಂದು ಸಂದೇಶ ಕೊಟ್ಟಿತು. ಎಮಿರೇಟ್ಸ್‌ನ ನಡುವೆ ಸುಮಾರು 75 ಚದರ ಕಿಲೋಮೀಟರಿನ ಒಮಾನ್. ಸುತ್ತಲಿನ ಷೇಖರಲ್ಲಿ ಯಾರ ಕಡೆ ಸೇರುತ್ತೀರಿ ಎಂದು ಕೇಳಿದಾಗ ಇಲ್ಲಿನ ಹಿರಿಯರು ಒಮಾನಿನ ಸುಲ್ತಾನನನ್ನು ಆರಿಸಿಕೊಂಡರಂತೆ. ತಮ್ಮ ನೀರನ್ನು ಕಾಪಾಡಲು ಆತನೇ ಸಮರ್ಥ ಎಂದು ನಂಬಿದ್ದರು ಎಂಬ ಕಥೆ ಇದೆ. ಖರ್ಜೂರದ ಬುಡದಲ್ಲಿ ಫಲಜ್ ಎಂಬ ಗಾರೆಯ ಕಾಲುವೆ ಹರಿಯುತ್ತಿತ್ತು. ಒಂದು ಗೇಣು ಅಗಲ. ನಮ್ಮ ಅಡಿಕೆ ತೋಟದ ಅಬ್ಬಿ ನೀರಿನ ದಂಬೆಯ ನೆನಪಾಗಿ ಕೈ ಅದ್ದಿದೆ. ನೀರು ತಣ್ಣಗಿತ್ತು. ಆ ಕಥೆ ಪೂರ್ತಿ ನಿಜವೋ ಅಲ್ಲವೋ, ಆ ಕಾಲುವೆಯ ಪಕ್ಕ ಕೂತವರಿಗೆ ನಂಬುವುದು ಕಷ್ಟವಲ್ಲ.

ಇನ್ನೂ ಐದಾರು ಕಿಲೋಮೀಟರ್ ಒಳಗೆ ಹೋದರೆ ನಹ್ವಾ. ಒಮಾನ್‌ನೊಳಗೆ ಮತ್ತೆ ಶಾರ್ಜಾ! ಹತ್ತಾರು ಮನೆ, ಒಂದು ಪೊಲೀಸ್ ಠಾಣೆ, ಎಮಿರೇಟ್ಸ್‌ನ ಬಾವುಟ. ಮೊಮ್ಮಗ ಕಾರಿನಲ್ಲೇ ಪುಸ್ತಕ ತೆಗೆದು ಹಳದಿಯ ಪಕ್ಕ ಒಂದು ಕೆಂಪು ಸುತ್ತು ಬರೆದ, ಅದರೊಳಗೆ ಹಳದಿ ಚುಕ್ಕಿ ಇಟ್ಟ. "ಉದ್ದಿನ ವಡೆ ತೂತಿನೊಳಗೆ ಒಂದು ಕಾಳು" ಎಂದ. ನನ್ನ ಇಡೀ ವೃತ್ತಿಯಲ್ಲಿ ಪರಾವೃತ ಪ್ರದೇಶಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಕೇಳಿರಲಿಲ್ಲ.

ಏಳನೇ ದಿನ: ಮುಸಂದಮ್

ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೊರಟರೂ ರಾಸ್ ಅಲ್ ಖೈಮಾ ದಾಟಿ ಒಮಾನಿನ ಮುಸಂದಮ್‌ಗೆ ಹೋಗುವ ಗಡಿಯಲ್ಲಿ ಎರಡು ಗಂಟೆ ಹಾಳಾಯಿತು. ಒಮಾನ್‌ಗೆ ಬೇಕಾದ ಕಾರಿನ ವಿಮಾ ಪತ್ರದಲ್ಲಿ ಗಾಡಿಯ ಸಂಖ್ಯೆಯನ್ನೇ ತಪ್ಪಾಗಿ ಬರೆದು ಕೊಟ್ಟಿದ್ದರು. ಅಳಿಯ ಬೇರೆ ಪತ್ರ ಮಾಡಿಸುವವರೆಗೆ ಮಗಳೂ ನಾನೂ ಕಡಲ ಬದಿಯ ಕಲ್ಲಿನ ಮೇಲೆ ಕೂತು ಚಪಾತಿ ತಿಂದೆವು. ದೋಣಿ ತಪ್ಪುತ್ತದೆಯೇನೋ ಎಂಬ ಸಂಕಟ ಗಂಟಲಲ್ಲೇ ಇತ್ತು. ತಪ್ಪಲಿಲ್ಲ.

ಖಸಬ್ ಬಂದರಿನಿಂದ ಧೋ ಎಂಬ ಮರದ ಹಡಗು. ಅದನ್ನು ನಡೆಸುವವರನ್ನು ಎಲ್ಲರೂ ನಾಖುದಾ ಎಂದೇ ಕರೆಯುತ್ತಿದ್ದರು. ಶಿರೂರು, ಗಂಗೊಳ್ಳಿ ಕಡೆ ನಾಖುದಾ ಎಂಬುದು ಮನೆತನದ ಹೆಸರು ಎಂದು ಮಗಳಿಂದ ಹೇಳಿಸಿದೆ. ಅವರ ಮುಖ ಅರಳಿ, ನನಗೆ ಚುಕ್ಕಾಣಿಯ ಪಕ್ಕದಲ್ಲಿ ದಿಂಬು ಹಾಕಿಕೊಟ್ಟರು.

ಇಲ್ಲಿ ಸುಣ್ಣಕಲ್ಲಿನ ಬೆಟ್ಟಗಳು ಪದರ ಪದರವಾಗಿ ಸೀದಾ ಕಡಲಿಗೆ ಇಳಿಯುತ್ತವೆ. ಮರಳಿಲ್ಲ, ದಡವೇ ಇಲ್ಲ. ಅರಬ್ ಫಲಕ ಯುರೇಷ್ಯಾ ಫಲಕದ ಅಡಿಗೆ ನುಗ್ಗುತ್ತಿರುವುದರಿಂದ ಈ ಮೂಲೆ ಮುಳುಗುತ್ತ ಬಂದು, ಕಣಿವೆಗಳೊಳಗೆ ಕಡಲು ಹೊಕ್ಕಿದೆ. ಖೋರ್ ಶಾಮ್ ಅಂಥ ಒಂದು ಮುಳುಗಿದ ಕಣಿವೆ. ಡಾಲ್ಫಿನ್‌ಗಳು ದೋಣಿಯ ಮುಂದೆ ಜೊತೆ ಜೊತೆಯಾಗಿ ಬೆನ್ನು ತೋರಿಸಿದವು. ನಡುವೆ ಒಂದು ಬೋಳು ದ್ವೀಪ. 1864ರಲ್ಲಿ ಭಾರತಕ್ಕೂ ಲಂಡನ್ನಿಗೂ ತಂತಿ ಹಾಸಿದಾಗ ಇಲ್ಲೊಂದು ಕೇಂದ್ರ ಮಾಡಿ, ಕೆಲವೇ ವರ್ಷಗಳಲ್ಲಿ ಬಿಟ್ಟುಹೋದರು. ಬುನಾದಿಯ ಕಲ್ಲುಗಳಷ್ಟೇ ಉಳಿದಿವೆ.

ಈ ಬೆಟ್ಟಗಳ ಆಚೆ ಹೊರ್ಮುಜ್ ಜಲಸಂಧಿ. ಜಗತ್ತು ಬಳಸುವ ಎಣ್ಣೆಯ ಸುಮಾರು ಐದನೇ ಒಂದು ಪಾಲು ಆ ಇಕ್ಕಟ್ಟಿನಲ್ಲಿ ಸಾಗುತ್ತದೆ. ವಿಜಯನಗರದ ಕುದುರೆಗಳು ಹಡಗು ಹತ್ತಿ ಭಟ್ಕಳ, ಹೊನ್ನಾವರದ ಕಡೆ ಬರುತ್ತಿದ್ದುದು ಅದೇ ಹೊರ್ಮುಜ್‌ನಿಂದ. ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ 1442ರಲ್ಲಿ ಭಾರತಕ್ಕೆ ಹೊರಟದ್ದು ಅಲ್ಲಿಂದ, ತಿರುಗಿ ಹೋಗಲು ಹಡಗು ಹತ್ತಿದ್ದು ನಮ್ಮ ಹೊನ್ನಾವರದಲ್ಲಿ. ನಾಖುದಾ ಆಗ್ನೇಯಕ್ಕೆ ಕೈ ತೋರಿಸಿ "ಹಿಂದ್" ಎಂದರು. ನಾನೂ ಅತ್ತಲೇ ನೋಡುತ್ತ ಕೂತೆ.

ಖೋರ್‌ನ ಬದಿಯಲ್ಲಿ ಬೆಟ್ಟದ ಬುಡಕ್ಕೆ ಅಂಟಿಕೊಂಡ ಹಳ್ಳಿಗಳಿವೆ. ಹತ್ತಿಪ್ಪತ್ತು ಮನೆ, ರಸ್ತೆ ಇಲ್ಲ, ದೋಣಿಯೊಂದೇ ದಾರಿ. ಬಾವಿಯೂ ಇಲ್ಲ. ಹಿಂದಿರುಗುವಾಗ ಒಂದು ಹಳ್ಳಿಯ ಮುಂದೆ ಚಪ್ಪಟೆ ದೋಣಿಯೊಂದು ನಿಂತಿತ್ತು. ಸರ್ಕಾರದ ನೀರಿನ ದೋಣಿ ಎಂದರು ನಾಖುದಾ. ದೋಣಿಯಿಂದ ದಪ್ಪ ಕೊಳವೆ ಕಲ್ಲುಗಳ ಮೇಲೆ ಹಾದು ಮೇಲಿನ ಟಾಂಕಿಗೆ ಹೋಗಿತ್ತು. ನಮ್ಮ ಧೋ ಇಂಜಿನ್ ನಿಲ್ಲಿಸಿದಾಗ ಪಂಪಿನ ಸದ್ದು ಕಣಿವೆಯಿಡೀ ಕೇಳಿಸಿತು. ಕೊಳವೆಯ ಜೋಡಣೆಯಲ್ಲಿ ಒಂದು ಕಡೆ ನೀರು ಚಿಮ್ಮುತ್ತಿತ್ತು. ಅದರ ಕೆಳಗೆ ಇಬ್ಬರು ಹುಡುಗಿಯರು ಬಿಂದಿಗೆ ಹಿಡಿದು, ಸೋರಿದ್ದನ್ನೂ ಬಿಡದೆ ತುಂಬಿಕೊಳ್ಳುತ್ತಿದ್ದರು.